ಎತ್ವ ಕಳೆದುಕೊಂಡ ಚೆಲುವಯ್ಯ

ಅಜ್ಜಿಯರು ಹೇಳುವ ಕಥೆಗಳಲ್ಲಿ ಒಂದು ಹೆಜ್ಜೆಗೆ ಒಂದು ಹೊಳೆ, ಇನ್ನೊಂದು ಹೆಜ್ಜೆಗೆ ಒಂದು ಬೆಟ್ಟ ದಾಟುವ ರಾಜಕುಮಾರರು ಬರುತ್ತಾರೆ. ಅಂಥವರೆಲ್ಲ ಎಲ್ಲಿ ಹೋದರು ಎಂದು ಯಾರಾದರೂ ಕೇಳಿದ್ದರೆ, ಸಾಲಗಾಮೆಯಿಂದಾಚೆ ಒಂದು ಮೈಲಿ ನಡೆದರೆ ಸಿಗುವ ಮುದ್ದನಕೊಪ್ಪಲಿನವರು, "ನಮ್ಮೂರಲ್ಲೇ ಒಬ್ಬ ಅವ್ನೆ. ರಾಜಕುಮಾರ ಅಲ್ಲ, ಅಷ್ಟೆ" ಎನ್ನುತ್ತಿದ್ದರು. ಅವನೇ ಕುಂಟೆ ಚೆಲುವಯ್ಯ.

ಊರಿನ ಎಲ್ಲರ ಮನೆಯಲ್ಲೂ ನೇಗಿಲಿತ್ತು. ಆದರೆ ಬಿತ್ತುವ ಮೊದಲು ಹೊಲದ ಹೆಂಟೆ ಒಡೆದು ಹದ ಮಾಡುವ ದೊಡ್ಡ ಕುಂಟೆ ಇದ್ದದ್ದು ಇವನ ಮನೆಯಲ್ಲಿ ಮಾತ್ರ. ಅಪ್ಪ ಕುಂಟೆ ಕೆಂಚಯ್ಯ, ತಾತ ಕುಂಟೆ ಮಲ್ಲಯ್ಯ. ಮೂರು ತಲೆಯಿಂದ ಊರಿಗೆಲ್ಲ ಕುಂಟೆ ಎರವಲು ಕೊಟ್ಟು ಬಂದ ಹೆಸರು ಅದು. ಚೆಲುವಯ್ಯನಿಗೆ ಆ ಹೆಸರಿನ ಮೇಲೆ ಅಭಿಮಾನವಿತ್ತು. ಅದಕ್ಕಿಂತ ಹತ್ತು ಪಾಲು ಹೆಚ್ಚು ಅಭಿಮಾನ ತನ್ನ ಕಾಲುಗಳ ಮೇಲಿತ್ತು. ಒಂಬತ್ತು ಮೈಲಿಯ ಹಾಸನಕ್ಕೆ ಅವನು ಎಂದೂ ಬಸ್ಸು ಹತ್ತಿದವನಲ್ಲ. ಕೆರೆಯ ಏರಿ ಹತ್ತುವಾಗ ಬಸ್ಸಿನ ಮೂತಿಯಲ್ಲಿ ನೀರು ಕುದಿದು ಅದು ಉಸ್ಸೆಂದು ನಿಂತುಬಿಡುತ್ತಿತ್ತು. ಪಕ್ಕದಲ್ಲೇ ದಾಟಿಹೋಗುವ ಚೆಲುವಯ್ಯನನ್ನು ಡ್ರೈವರು, "ಬಾರಯ್ಯ, ಅತ್ಕೊ" ಎಂದು ಕರೆಯುತ್ತಿದ್ದ.

"ಬ್ಯಾಡ ಸಾ, ನಂಗೆ ಅರ್ಜೆಂಟೈತೆ" ಎಂದು ಚೆಲುವಯ್ಯ ನಡೆದೇ ಬಿಡುತ್ತಿದ್ದ.

ಅಂಥ ಕಾಲಿಗೆ ೧೯೩೮ನೆಯ ಇಸವಿಯ ಒಂದು ಬೆಳಿಗ್ಗೆ ಸಿಡಿಲು ಬಡಿಯಿತು.

ಅವನು ಕುಲುಮೆಯಲ್ಲಿ ಕುಂಟೆಯ ಅಲಗು ತಟ್ಟಿಸುತ್ತ ಕುಳಿತಿದ್ದ. ಪಟೇಲ ಚಂದ್ರಯ್ಯನವರು ಒಂದು ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲನ್ನು ಹಿಡಿದುಕೊಂಡು, ಸತ್ತವರ ಮನೆಗೆ ಬರುವವರ ಮುಖ ಮಾಡಿಕೊಂಡು ಬಂದರು. ಬಂದವರು ಚೆಲುವಯ್ಯನ ಎಡಗಾಲನ್ನು ನೋಡಿದರು. ಆಮೇಲೆ ಬಲಗಾಲನ್ನು ನೋಡಿದರು. ಕುಲುಮೆಯ ಆಚಾರಿ ಸುತ್ತಿಗೆ ಎತ್ತಿದವನು ಇಳಿಸುವುದನ್ನು ಮರೆತು ತಾನೂ ನೋಡಿದ.

"ಏನ್ ಪಟೇಲ್ರೇ, ನನ್ ಕಾಲ್ನ ಇಂಗೆ ನೋಡ್ತೀರಿ? ಹಾವೈತಾ?" ಎಂದು ಚೆಲುವಯ್ಯ ಚಂಗನೆ ಎದ್ದ.

"ಚಂಗಂತ ಏಳ್ಬ್ಯಾಡ ಕಣ್ಲಾ. ಕಾನೂನಿಗೆ ವಿರೋಧ ಆದೀತು" ಎಂದ ಪಟೇಲರು ಕನ್ನಡಕ ಏರಿಸಿ ಓದಿದರು. "ಶ್ರೀಮತಿ ನೀಲಾಂಬಿಕಾ ಸ್ಮಾರಕ ಅಂಗಹೀನರ ಅನ್ನಧರ್ಮ, ಹಾಸನ. ಊರಿಗೆ ಒಬ್ಬರಂತೆ ಆರಿಸಲಾದ ನಿರ್ಭಾಗ್ಯರಿಗೆ ತಿಂಗಳಿಗೆ ಎರಡು ಕೊಳಗ ರಾಗಿಯನ್ನು ಮೂರು ವರ್ಷಗಳ ಪರ್ಯಂತ ಅಳೆಯತಕ್ಕದ್ದು. ಮುದ್ದನಕೊಪ್ಪಲು: ಕುಂಟ ಚೆಲುವಯ್ಯ ಬಿನ್ ಕುಂಟ ಕೆಂಚಯ್ಯ ಬಿನ್ ಕುಂಟ ಮಲ್ಲಯ್ಯ."

ಕುಲುಮೆಯ ತಿದಿ ನಿಂತಿತು.

"ಕುಂಟ?" ಎಂದ ಚೆಲುವಯ್ಯ. ಅವನ ದನಿ ಬಾವಿಯೊಳಗಿಂದ ಬಂದಂತಿತ್ತು. "ನಾನಾ? ನಮ್ಮಪ್ಪಾನೂವೆ?"

"ನಿಮ್ಮ ತಾತಾನೂ ಸೇರಿ ಮೂರು ಜನ. ವಂಶಪಾರಂಪರ್ಯ" ಎಂದರು ಪಟೇಲರು. ಹಾಳೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು ನೋಡಿ, ಕೊನೆಗೆ ಪತ್ತೆ ಮಾಡಿದರು. "ಕುಂಟೆ ಅನ್ನೋ ಕಡೆ ಟಕಾರಕ್ಕೆ ಎತ್ವ ಕೊಟ್ಟಿಲ್ಲ ಕಣ್ಲಾ. ಎತ್ವ ಬಿದ್ದೋಗೈತೆ."

"ಎತ್ವ ಬಿದ್ದೋದ್ರೆ ಎತ್ತಿ ಮಡುಗ್ಲಿ! ಅದು ಬಿತ್ತು ಅಂತ ನನ್ ಕಾಲು ಮುರಿಯಾದಾ?"

ಎತ್ವ ಎಂದರೆ ಅಕ್ಷರದ ನೆತ್ತಿಯ ಮೇಲೆ ಕೂರುವ ಒಂದು ಸಣ್ಣ ಕೊಂಕು. ಅದು ಇದ್ದಾಗ ಯಾರೂ ಅದಕ್ಕೆ ಮರ್ಯಾದೆ ಕೊಡುವುದಿಲ್ಲ. ಅದಿಲ್ಲದೆ ಮೂರು ತಲೆಮಾರಿನ ಆರು ಗಟ್ಟಿಮುಟ್ಟಾದ ಕಾಲುಗಳು ಒಂದೇ ದಿನದಲ್ಲಿ ಮುರಿದು ಬಿದ್ದವು.

ಈ ಅನಾಹುತದಲ್ಲಿ ಪಟೇಲರ ಪಾಲೂ ಇತ್ತು. ಅದನ್ನು ಅವರು ಕುಲುಮೆಯಲ್ಲಿ ಹೇಳಲಿಲ್ಲ. ಎರಡು ತಿಂಗಳ ಹಿಂದೆ ಹಾಸನದಿಂದ, "ತಮ್ಮ ಗ್ರಾಮದಲ್ಲಿರುವ ಕುಂಟ, ಕುರುಡ, ಕಿವುಡ, ಮೂಗರ ಹೆಸರು ತಿಳಿಸುವುದು" ಎಂದು ಒಂದು ಕಾರ್ಡು ಬಂದಿತ್ತು. ಹೆಸರು ಕೇಳುವವರು ಆಮೇಲೆ ಏನು ಕೇಳುತ್ತಾರೋ ಎಂದು ಹೆದರಿದ ಪಟೇಲರು, "ಮಹಾಸ್ವಾಮಿಯವರ ಕೃಪೆಯಿಂದ ಯಾರೂ ಇಲ್ಲ" ಎಂದು ಬರೆದು ಕೈತೊಳೆದುಕೊಂಡಿದ್ದರು. ಸುತ್ತಲ ಪಟೇಲರೆಲ್ಲ ಹಾಗೆಯೇ ಬರೆದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಸೀಮೆಯಲ್ಲಿ ಒಬ್ಬನೇ ಒಬ್ಬ ಕುಂಟನೂ ಇಲ್ಲವೆಂದು ರುಜುವಾತಾಯಿತು. ಧರ್ಮ ಮಾಡಲು ಹೊರಟವರು ಕಂಗಾಲಾಗಿ, ಕಾರ್ಯದರ್ಶಿಯವರ ಹಳೆಯ ಕಂದಾಯದ ಪುಸ್ತಕವೊಂದನ್ನು ಬಿಚ್ಚಿ, ಹೆಸರು ನೋಡಿ ನೋಡಿ ಕುಂಟರನ್ನು ಆರಿಸಿಕೊಂಡಿದ್ದರು. ಆ ಪುಸ್ತಕದಲ್ಲಿ ಅಲ್ಲಲ್ಲಿ ನುಸಿ ತಿಂದಿತ್ತು.

ಚೆಲುವಯ್ಯ ಮನೆಗೆ ನಡೆದ. ಎಂದಿನಂತೆಯೇ ನಡೆದ. ಆದರೆ ದಾರಿಯುದ್ದಕ್ಕೂ ಜಗಲಿಗಳ ಮೇಲೆ ಕೂತವರು ಈ ದಿನ ಅವನ ಮುಖ ನೋಡಲಿಲ್ಲ, ಮೊಣಕಾಲಿನ ಕೆಳಗೆ ನೋಡಿದರು.

"ಅಲ್ಲ ಕಣಮ್ಮಿ, ಈಗ ನೋಡುದ್ರೆ ಎಡಕ್ಕೆ ಒಂಚೂರು ವಾಲ್ತಾನೆ ಅಲ್ವಾ?"

"ನಾನು ಯಾವಾಗ್ಲೋ ನೋಡಿದ್ದೆ. ಯಾಕೆ ಏಳಾದು ಅಂತ ಸುಮ್ಕಿದ್ದೆ."

"ಅದ್ಕೇ ಅಷ್ಟು ಜೋರಾಗಿ ನಡ್ಯಾದು. ನಿಧಾನಕ್ಕೆ ನಡುದ್ರೆ ಗೊತ್ತಾಗೋಯ್ತದಲ್ಲ!"

ಚೆಲುವಯ್ಯ ಎಡಕ್ಕೆ ವಾಲುತ್ತೇನೆಯೇ ಎಂದು ಬಲಕ್ಕೆ ವಾಲಿ ನೋಡಿದ. ಕಲ್ಲೊಂದು ಎಡವಿ ಮುಗ್ಗರಿಸಿದ. ಜಗಲಿಗಳ ಮೇಲೆ ಒಟ್ಟಿಗೇ, "ಅಯ್ಯೋ ಪಾಪ!" ಎಂಬ ಉದ್ಗಾರ ಎದ್ದಿತು.

ಮನೆಯಲ್ಲಿ ಹೆಂಡತಿ ಪಾಪಮ್ಮ ಹೊಸ್ತಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಸುದ್ದಿ ಅವನಿಗಿಂತ ಜೋರಾಗಿ ನಡೆದು ಬಂದಿತ್ತು.

"ಇಪ್ಪತ್ತೊರ್ಸ ಸಂಸಾರ ಮಾಡಿವ್ನಿ. ಒಂದಿನ ಬಾಯ್ಬುಟ್ಯಾ? ನಿಮ್ಮಪ್ಪಂಗಿತ್ತಂತೆ, ನಿಮ್ ತಾತಂಗಿತ್ತಂತೆ. ಮದ್ವೆ ಮಾತುಕತೇಲಿ ಯಾಕೆ ಏಳ್ನಿಲ್ಲ?"

"ನನ್ ಕಾಲು ನಿನ್ ಕಣ್ಮುಂದೇನೇ ಐತಲ್ಲಮ್ಮಿ! ನೋಡು!" ಎಂದು ಚೆಲುವಯ್ಯ ಪಂಚೆ ಮೊಣಕಾಲಿಗೆ ಎತ್ತಿ ಅಂಗಳದಲ್ಲಿ ನಾಲ್ಕು ಸಲ ಕುಪ್ಪಳಿಸಿದ.

ಪಾಪಮ್ಮ ನೋಡಿದಳು. "ಕಾಲು ಸರ್ಯಾಗೇ ಐತೆ" ಎಂದು ಒಪ್ಪಿಕೊಂಡಳು. ಆಮೇಲೆ, "ಆದ್ರೆ ಅಚ್ಚಾಕಿರಾದ್ರಲ್ಲಿ ಸುಳ್ಳು ಬರೀತಾರಾ?" ಎಂದು ಮತ್ತೆ ಅತ್ತಳು.

ಮೂರನೆಯ ದಿನ ಅರಕಲಗೂಡಿನಿಂದ ಅವಳ ತಮ್ಮ ನಂಜಯ್ಯ ಗಾಡಿ ಕಟ್ಟಿಕೊಂಡು ಬಂದಿಳಿದ. ಅಲ್ಲಿಯ ಬಸ್ಸು ನಿಲ್ಲುವ ಕಡೆ ಗೋಡೆಗೆ ಅಂಟಿಸಿದ್ದ ಹ್ಯಾಂಡ್‌ಬಿಲ್ಲನ್ನು ಯಾರೋ ಅವನಿಗೆ ಓದಿ ಹೇಳಿದ್ದರು. ಗಾಡಿಯಲ್ಲಿ ಒಂದು ಜೊತೆ ಊರುಗೋಲು, ಒಂದು ಗಡಿಗೆ ಎಣ್ಣೆ, ಭಾವನನ್ನು ಮಲಗಿಸಿ ಕರೆದೊಯ್ಯಲು ಹುಲ್ಲಿನ ಹಾಸಿಗೆ ಇತ್ತು. ಭಾವ ಬಾಗಿಲಲ್ಲಿ ನೆಟ್ಟಗೆ ನಿಂತದ್ದನ್ನು ಕಂಡು ನಂಜಯ್ಯ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ.

"ಕೂತ್ಕೋ ಭಾವ! ನಮ್ ಕಣ್ಮುಂದೆ ಶೌರ್ಯ ತೋರುಸ್ಬ್ಯಾಡ!"

"ನಂಗೇನಾಗೈತ್ಲಾ?"

"ಎಲ್ಲಾ ಗೊತ್ತು ಕಣ್ ಬುಡು. ಎಣ್ಣೆ ತಂದಿವ್ನಿ. ಮೂರು ತಲೇದು ಅಂದ್ರೆ ಮೂಳೇಲೇ ಸೇರ್ಕೊಂಡೈತೆ. ನಲವತ್ತೆಂಟು ದಿನ ಉಜ್ಬೇಕು."

ಬೇಡವೆಂದರೂ ಕೇಳದೆ ಅಕ್ಕ ತಮ್ಮ ಇಬ್ಬರೂ ಹಿಡಿದು ಉಜ್ಜಿದರು. ಎಣ್ಣೆ ಎಷ್ಟು ಖಾರವಾದದ್ದೋ ಪರಶಿವನೇ ಬಲ್ಲ. ಸಂಜೆಯ ಹೊತ್ತಿಗೆ ಚೆಲುವಯ್ಯನ ಮೊಣಕಾಲುಗಳು ಬೆಂಕಿಯಾಗಿ, ಅವನು ನಿಜವಾಗಿಯೂ ಗೋಡೆ ಹಿಡಿದು ನಡೆಯುವಂತಾಯಿತು. ಅದನ್ನು ಕಂಡು ನಂಜಯ್ಯ, "ನೋಡ್ದಾ, ಒಳಗಿದ್ದಿದ್ದು ಈಚೆ ಬತ್ತಾ ಐತೆ" ಎಂದು ತೃಪ್ತಿಪಟ್ಟ.

ಮರುದಿನ ಉರಿ ಇಳಿಯುವ ಹೊತ್ತಿಗೆ ಬೆಳ್ಳಮ್ಮ ಹೇಳಿಕಳಿಸಿದಳು.

ಬೆಳ್ಳಮ್ಮನ ಮನೆ ಊರ ಕೊನೆಯಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಬಲಗಾಲು ಬತ್ತಿಹೋಗಿತ್ತು. ಕೋಲೂರಿಕೊಂಡು ಸಮನಾದ ನೆಲದಲ್ಲಿ ನಾಲ್ಕು ಮಾರು ನಡೆಯಬಲ್ಲಳು, ಅಷ್ಟೆ. ಗಂಡ ಹೋಗಿ ಹತ್ತು ವರ್ಷ. ಕೈಗಳಲ್ಲಿ ಮಾತ್ರ ಎರಡಾಳಿನ ಶಕ್ತಿ. ಊರಿನ ಅರ್ಧ ರಾಗಿ ಅವಳ ಬೀಸುವ ಕಲ್ಲಿನಲ್ಲೇ ಹಿಟ್ಟಾಗಿ, ಅವಳ ಹೊಟ್ಟೆಯೂ ಅದರಲ್ಲೇ ತುಂಬುತ್ತಿತ್ತು. ಮುದ್ದನಕೊಪ್ಪಲಿನವರಿಗೆ ಒಂದು ದೊಡ್ಡ ಗುಣವಿತ್ತು. ನಲವತ್ತೈದು ವರ್ಷದಲ್ಲಿ ಜಗಳದ ಬಾಯಲ್ಲೂ ಅವಳನ್ನು ಯಾರೂ ಕುಂಟಿ ಎಂದವರಿಲ್ಲ. ಬೆಳ್ಳಮ್ಮ, ಬೆಳ್ಳಕ್ಕ, ಬೆಳ್ಳವ್ವ ಎಂದೇ ಕರೆದರು. ಊರು ಇಷ್ಟು ಮರ್ಯಾದೆಯಾಗಿ ನಡೆದುಕೊಂಡದ್ದರಿಂದ, ಹೆಸರು ನೋಡಿ ಕುಂಟರನ್ನು ಆರಿಸುವವರಿಗೆ ಅವಳು ಕಾಣಿಸಲೇ ಇಲ್ಲ.

ಅವಳು ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಕಲ್ಲು ತಿರುಗುತ್ತಿರಲಿಲ್ಲ.

"ಬಾರಪ್ಪಾ ಕುಂಟಯ್ಯ" ಎಂದಳು. "ನಾನೇ ಬರಾವ, ಕಾಲಿಲ್ದಿರೋನ ನೋಡ್ಕೊಂಡು ಬರಾವ ಅನ್ಕೊಂಡೆ. ನಂಗೆ ಕಾಲಿಲ್ವಲ್ಲ, ಅದ್ಕೆ ನಿನ್ನೇ ಕರುಸ್ದೆ."

"ನೀನೂ ಆಡ್ಕೊ ಬೆಳ್ಳಕ್ಕ. ಊರೆಲ್ಲ ಆಡ್ಕೊಂಡಾಯ್ತು."

"ಆಡ್ಕೊಂಡು ಒಟ್ಟೆ ತುಂಬ್ತದಾ? ಕಲ್ಲು ನೋಡ್ಲಾ. ಸಾಲಗಾಮೇಲಿ ಹಿಟ್ಟಿನ ಮಿಷನ್ ಬಂದೈತೆ. ಗಡಗಡ ಅಂತದಂತೆ, ಹಿಟ್ಟು ಬಂದ್ಬುಡ್ತದಂತೆ. ಎರಡು ತಿಂಗ್ಳಾಯ್ತು, ಒಬ್ಬಳೂ ಒಂದು ಸೇರು ತಂದಿಲ್ಲ." ಅವಳು ಕಲ್ಲಿನ ಗೂಟದ ಮೇಲೆ ಕೈಯಿಟ್ಟಳು. "ನಿನ್ನೆ ಪಟೇಲ್ರು ಬಂದು ಆ ಕಾಗ್ದ ಓದಿ ಏಳಿದ್ರು. ಊರಿಗೊಬ್ರು ಅಂತೆ. ಈ ಊರಲ್ಲಿ ಕಾಲಿಲ್ದೋರು ಒಬ್ರೇ ಒಬ್ರು ಇರಾದು. ಆ ರಾಗಿ ನಂದು ಕಣ್ಲಾ ಚೆಲುವ. ಎರಡು ಕಾಲು ಮಡಿಕ್ಕೊಂಡು ನನ್ನ ಮುದ್ದೆ ತಿಂತೀಯೇನ್ಲಾ?"

ಚೆಲುವಯ್ಯ ನಾಲ್ಕು ದಿನದಿಂದ ತನ್ನ ಕಾಲಿನ ಮಾನದ ವಿಚಾರವಾಗಿ ಮಾತ್ರ ಕೊರಗಿದ್ದ. ಈ ಕಥೆಯಲ್ಲಿ ರಾಗಿಯೂ ಇದೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಈಗ ಹೊಳೆದು, ಪಂಚೆ ಎತ್ತಿ ಕಟ್ಟಿದ.

"ಅಯ್ಯೋ ಸಿವನೇ! ನಾನ್ಯಾಕ್ ತಿನ್ಲಿ ಬೆಳ್ಳಕ್ಕ! ಈಗ್ಲೇ ಓಯ್ತೀನಿ. ನನ್ನೆಸ್ರು ಒಡೆಸಾಕಿ ನಿನ್ನೆಸ್ರು ಬರೆಸ್ಕೊಂಡೇ ಬತ್ತೀನಿ. ಒಂದು ಎತ್ವದ ಮಾತು, ಏನು ಮಹಾ?"

ಹಾಸನದಲ್ಲಿ ಆ ಧರ್ಮದ ಕಚೇರಿ ಇದ್ದದ್ದು ಸಾಹುಕಾರ ಪರಮಶಿವಯ್ಯನವರ ಕೊಬ್ಬರಿ ಮಂಡಿಯ ಮಹಡಿಯ ಮೇಲೆ. ಸಾಹುಕಾರರ ತಾಯಿ ನೀಲಾಂಬಿಕೆಯವರು ಕೊನೆಗಾಲದಲ್ಲಿ ಕಾಲು ಸ್ವಾಧೀನವಿಲ್ಲದೆ ನರಳಿ ತೀರಿಕೊಂಡಿದ್ದರು. ಅವರ ನೆನಪಿಗಾಗಿ ನಡೆಯಲಾರದವರಿಗೆ ಕಟ್ಟಿದ ಧರ್ಮ ಅದು. ಅಲ್ಲಿಗೆ ಹೋಗಬೇಕಾದರೆ ಇಪ್ಪತ್ತೆರಡು ಮೆಟ್ಟಿಲಿನ ಕಡಿದಾದ ಮರದ ಏಣಿ ಹತ್ತಬೇಕಾಗಿತ್ತು. ಹಿಡಿದುಕೊಳ್ಳಲು ಒಂದು ಹಗ್ಗ ಇಳಿಬಿಟ್ಟಿದ್ದರು.

ಮೇಲೆ ಕಾರ್ಯದರ್ಶಿ ರುದ್ರಯ್ಯನವರು ಕೂತಿದ್ದರು. ಶೇಕದಾರಿಕೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರ ರುಮಾಲು ಇನ್ನೂ ನಿವೃತ್ತವಾಗಿರಲಿಲ್ಲ. ಅವರ ಮುಂದೆ ನುಗ್ಗೇಹಳ್ಳಿಯ ಮೂಗಯ್ಯನೆಂಬುವನು ನಿಂತಿದ್ದ. ಹಿಂದೆ ಹುಟ್ಟಿದ ಮಕ್ಕಳು ಉಳಿಯಲಿಲ್ಲವೆಂದು ದೃಷ್ಟಿ ತಾಕದಿರಲು ತಾಯಿ ಇಟ್ಟ ಹೆಸರು ಅದು. ದೃಷ್ಟಿ ತಾಕಿರಲಿಲ್ಲ, ನಾಲಿಗೆ ಭರ್ಜರಿಯಾಗಿ ಬೆಳೆದಿತ್ತು.

"ನಾನು ಮೂಗ ಸ್ವಾಮಿ! ಹುಟ್ಟು ಮೂಗ! ಬೆಳಿಗ್ಗೆಯಿಂದ ಅದನ್ನೇ ಏಳ್ತಾ ಇವ್ನಿ, ಇನ್ನೆಷ್ಟು ಸಲ ಬಾಯ್ಬುಟ್ಟು ಏಳ್ಲಿ?"

"ಹೇಳಬೇಡ! ಹೇಳಬೇಡ!" ಎಂದು ರುದ್ರಯ್ಯನವರು ಕಿವಿ ಮುಚ್ಚಿಕೊಂಡರು. "ಪುಸ್ತಕದಲ್ಲಿ ಮೂಗ ಅಂತಿದೆ. ನೀನು ಮಾತಾಡಿದರೆ ಪುಸ್ತಕಕ್ಕೆ ಅವಮಾನ. ಸುಮ್ಮನೆ ಹೆಬ್ಬೆಟ್ಟು ಒತ್ತಿ ಹೋಗಯ್ಯ!"

ಮೂಗಯ್ಯ ಹೆಬ್ಬೆಟ್ಟು ಒತ್ತಿ, ಏಣಿ ಇಳಿಯುವವರೆಗೂ ಮಾತಾಡುತ್ತಲೇ ಹೋದ.

ಆಮೇಲೆ ರುದ್ರಯ್ಯನವರು ಚೆಲುವಯ್ಯನ ಹೆಸರು ಕೇಳಿ, ಪುಸ್ತಕ ನೋಡಿ, ಬಗ್ಗಿ ಅವನ ಕಾಲು ನೋಡಿ, ಕುರ್ಚಿಯಿಂದ ಅರ್ಧ ಎದ್ದರು.

"ಏಣಿ ಹತ್ತಿ ಬಂದೆಯಾ?"

"ಊ ಸಾ. ಒಂದೇ ಉಸುರ್ಗೆ."

"ಯಾರನ್ನು ಕೇಳಿ ಹತ್ತಿದೆ? ನೀನು ಕುಂಟ!"

"ಅಲ್ಲ ಸಾ, ಅದ್ನೇ ಏಳಕ್ಕೆ ಬಂದಿವ್ನಿ. ನಾನು ಕುಂಟೆ. ಕುಂಟ ಅಲ್ಲ. ಎತ್ವ ಬಿದ್ದೋಗೈತೆ. ನನ್ನೆಸ್ರು ಒಡೆದಾಕ್ಬುಡಿ. ನಮ್ಮೂರ ಬೆಳ್ಳಮ್ಮ ಅಂತ, ಅವಳಿಗೆ ನಿಜ್ವಾಗ್ಲೂ ಕಾಲಿಲ್ಲ, ಅವಳೆಸ್ರು ಬರ್ಕಳಿ."

ರುದ್ರಯ್ಯನವರು ಮರುಕದಿಂದ ನಕ್ಕರು. ಪುಸ್ತಕ ತಿರುಗಿಸಿ ತೋರಿಸಿದರು. "ನೋಡಪ್ಪ. ಹೆಸರು ತೆಗೆಯುವುದಕ್ಕೆ ಎರಡೇ ಕಾಲಂ. ಒಂದು, ಮೃತ. ಇನ್ನೊಂದು, ವಾಸಿ. ನೀನು ಮೃತನೋ?"

"ಅಲ್ಲ ಸಾ!"

"ವಾಸಿಯಾಯಿತೋ?"

"ಏನಾಗಿತ್ತು ಅಂತ ವಾಸಿಯಾಗ್ಲಿ? ನಾನು ಯಾವತ್ತೂ ಕುಂಟ ಆಗಿರ್ನಿಲ್ಲ!"

"ಆ ಕಾಲಂ ಇಲ್ಲ" ಎಂದರು ರುದ್ರಯ್ಯನವರು. ಆ ಮೂರು ಮಾತನ್ನು ಅವರು ಎಷ್ಟು ಶಾಂತವಾಗಿ ಹೇಳಿದರೆಂದರೆ, ಚೆಲುವಯ್ಯನಿಗೆ ತನ್ನ ಕಾಲುಗಳು ನಿಜವಾಗಿ ಇವೆಯೋ ಇಲ್ಲವೋ ಎಂದು ಅನುಮಾನ ಬಂದು ಬಗ್ಗಿ ಮುಟ್ಟಿ ನೋಡಿಕೊಂಡ. "ಆ ಹೆಂಗಸಿನ ವಿಚಾರ ಬೇಕಾದರೆ ಕೇಳೋಣ. ಸೋಮವಾರ ಸಾಹುಕಾರರೇ ಬರುತ್ತಾರೆ. ಆಕೆ ಖುದ್ದಾಗಿ ಮೇಲಕ್ಕೆ ಹತ್ತಿ ಬಂದು, ತಾನು ಕಾಲಿಲ್ಲದವಳೆಂದು ಅರಿಕೆ ಮಾಡಿಕೊಳ್ಳಬೇಕು."

"ಕಾಲಿಲ್ದೋಳು ಈ ಏಣಿ ಎಂಗ್ ಸಾ ಅತ್ತಾಳು?"

"ಹತ್ತದಿದ್ದರೆ ಗೈರುಹಾಜರಿ."

"ಅತ್ತುದ್ರೆ?"

"ಹತ್ತಿದರೆ ಕಾಲಿದೆ ಅಂತಾಯಿತಲ್ಲ!" ಎಂದು ರುದ್ರಯ್ಯನವರು ಬೆರಳೆತ್ತಿದರು. "ಜನ ಎಂಥ ಮೋಸಗಾರರು ಅಂತ ನಿನಗೆ ಗೊತ್ತಿಲ್ಲ. ಅದಕ್ಕೇ ಇಷ್ಟು ಬಿಗಿ."

ಸೋಮವಾರ ನಂಜಯ್ಯನ ಗಾಡಿಯಲ್ಲಿ, ಭಾವನಿಗೆಂದು ತಂದಿದ್ದ ಹುಲ್ಲಿನ ಹಾಸಿಗೆಯ ಮೇಲೆ ಬೆಳ್ಳಮ್ಮ ರಾಣಿಯ ಹಾಗೆ ಕೂತು ಹಾಸನಕ್ಕೆ ಬಂದಳು. ಅವಳು ಹಾಸನ ನೋಡಿದ್ದು ಅದೇ ಮೊದಲು. ಮಂಡಿಯ ಮುಂದೆ ಇಳಿದು, ಕೋಲೂರಿ, ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದಳು.

"ಇದೇನ್ಲಾ, ಸ್ವರ್ಗಕ್ಕಾಕಿರಾದಾ?"

ಕೋಲನ್ನು ನಂಜಯ್ಯನ ಕೈಗೆ ಕೊಟ್ಟು, ಹಗ್ಗ ಹಿಡಿದು ಒಂದು ಮೆಟ್ಟಿಲು ಹತ್ತಲು ನೋಡಿದಳು. ಬತ್ತಿದ ಕಾಲು ನೇತಾಡಿತು. ಇನ್ನೊಂದು ಕಾಲು ನಡುಗಿತು. ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಆಳುಗಳೆಲ್ಲ ಕೈನಿಲ್ಲಿಸಿ ನೋಡುತ್ತಿದ್ದರು. ಬೆಳ್ಳಮ್ಮನ ಮುಖ ಕೆಂಪಾಯಿತು. ನಲವತ್ತೈದು ವರ್ಷ ಊರು ನೋಡದ ಹಾಗೆ ನಟಿಸಿದ್ದನ್ನು ಇಲ್ಲಿ ಹತ್ತು ಜನ ಬಾಯಿ ಬಿಟ್ಟು ನೋಡಿದರು.

ಚೆಲುವಯ್ಯನಿಗೆ ಯಾಕೋ ತಡೆಯಲಾಗಲಿಲ್ಲ. "ಕುತ್ಗೆ ಇಡ್ಕೊ ಬೆಳ್ಳಕ್ಕ" ಎಂದು ಬಗ್ಗಿ ಅವಳನ್ನು ಬೆನ್ನಿಗೇರಿಸಿಕೊಂಡ. ಇಪ್ಪತ್ತೆರಡು ಮೆಟ್ಟಿಲನ್ನು, ಹಗ್ಗ ಮುಟ್ಟದೆ, ದಡದಡನೆ ಹತ್ತಿಬಿಟ್ಟ.

ಮೇಲೆ ಸಾಹುಕಾರ ಪರಮಶಿವಯ್ಯನವರು ಕಾಫಿಯ ಲೋಟ ತುಟಿಗೆ ಹಿಡಿದಿದ್ದವರು ಹಾಗೆಯೇ ಉಳಿದರು. ರುದ್ರಯ್ಯನವರ ಲೇಖನಿ ಕೆಳಗೆ ಬಿತ್ತು.

"ಸಾಹುಕಾರರೇ!" ಎಂದು ಅವರು ಕೂಗಿಕೊಂಡರು. "ಇದೇನು ಅನ್ಯಾಯ ನೋಡಿ! ಹೊತ್ತಿರುವವನು ಕುಂಟ!"

"ಕುಂಟನೇ? ಇವನೇ?"

"ದಾಖಲೆಯಲ್ಲಿ ಇವನೇ! ಮೂರು ತಲೆಮಾರಿನ ಕುಂಟ!"

"ಮತ್ತೆ ಬೆನ್ನ ಮೇಲಿರುವವರು?"

"ಈಕೆ ದಾಖಲೆಯಲ್ಲೇ ಇಲ್ಲ!"

ಸಾಹುಕಾರರು ಒಳ್ಳೆಯ ಮನುಷ್ಯರು, ಆದರೆ ಈ ಕೆಲವೇ ದಿನಗಳಲ್ಲಿ ಧರ್ಮ ಮಾಡಿ ಮಾಡಿ ಅವರ ಎದೆ ನಡುಗಿಹೋಗಿತ್ತು. ಹೋದ ವಾರ ಒಬ್ಬ ಕುರುಡಯ್ಯ ಬಂದು, ಅಳೆದ ರಾಗಿಯಲ್ಲಿ ಕಲ್ಲಿದೆಯೆಂದು ದೂರದಿಂದಲೇ ಆರಿಸಿ ತೋರಿಸಿದ್ದ.

"ನನಗೇನೂ ತಿಳಿಯುವುದಿಲ್ಲವಲ್ಲಪ್ಪ" ಎಂದರು ಅವರು, ಅಳುವ ದನಿಯಲ್ಲಿ. "ನಮ್ಮ ತಾಯಿ ಹೆಸರಿನ ಧರ್ಮ ಇದು. ಯಾರಿಗೆ ಕೊಟ್ಟರೂ ಅವರು ಓಡಿಹೋಗುತ್ತಾರೆ. ನಿಜವಾದ ಕುಂಟರು ಯಾರು ಅಂತ ಹೇಗೆ ತಿಳಿಯುವುದು?"

"ಕೇಳಿದ್ರೆ ಏಳ್ತಿದ್ದೆ ಬುದ್ಧಿ" ಎಂದಳು ಬೆಳ್ಳಮ್ಮ, ಚೆಲುವಯ್ಯನ ಬೆನ್ನ ಮೇಲಿನಿಂದಲೇ. "ಪಟೇಲ್ರನ್ನ ಕೇಳಿದ್ರಿ, ಪುಸ್ತಕಾನ ಕೇಳಿದ್ರಿ. ನನ್ನ ಯಾರೂ ಕೇಳ್ನಿಲ್ಲ. ಲೋ ಚೆಲುವ, ಇಳ್ಸು ನನ್ನ."

ಇಳಿಸಿದ. ಅವಳು ನೆಲದ ಮೇಲೆ ಕೂತು, ಸೀರೆಯ ಅಂಚನ್ನು ಒಂದು ಗೇಣು ಸರಿಸಿ, ಬತ್ತಿದ ಕಾಲನ್ನು ಎರಡು ಕೈಯಿಂದ ಎತ್ತಿ, ಬೀಸುವ ಕಲ್ಲಿನ ಗೂಟ ತೆಗೆದಿಡುವ ಹಾಗೆ ಮುಂದಕ್ಕೆ ಇಟ್ಟಳು. ಸಾಹುಕಾರರು ಲೋಟ ಕೆಳಗಿಟ್ಟರು. ಅವರ ತಾಯಿಯೂ ಕಾಲನ್ನು ಹೀಗೆಯೇ ಕೈಯಿಂದ ಎತ್ತಿ ಇಡುತ್ತಿದ್ದರು.

"ರುದ್ರಯ್ಯನವರೇ, ಈ ತಾಯಿಯ ಹೆಸರು ಬರೆದುಕೊಳ್ಳಿ."

"ಆಗುವುದಿಲ್ಲ!" ರುದ್ರಯ್ಯನವರು ಧರ್ಮಪತ್ರವನ್ನು ಎದೆಗವಚಿಕೊಂಡರು. "ತಾವೇ ಸಹಿ ಮಾಡಿದ್ದೀರಿ. ಊರಿಗೆ ಒಬ್ಬರು. ಮೂರು ವರ್ಷ ಬದಲಾವಣೆ ಇಲ್ಲ. ಮುದ್ದನಕೊಪ್ಪಲಿನ ಕುಂಟ ವಾಸಿಯಾದರೆ, ಆ ರಾಗಿ ಪಟ್ಟಿಯಲ್ಲಿ ಮುಂದಿನ ಊರಿಗೆ ಹೋಗುತ್ತದೆ."

"ಮುಂದಿನ ಊರಲ್ಲಿ ಯಾರಿದ್ದಾರೆ?"

ರುದ್ರಯ್ಯನವರು ಪುಸ್ತಕ ನೋಡಿ ಮೆಲ್ಲಗೆ ಹೇಳಿದರು. "ಇನ್ನೊಬ್ಬ ಮೂಗಯ್ಯ."

ಸಾಹುಕಾರರು ಮೇಲುಗಡೆ ನೋಡಿದರು, ತಾಯಿಯ ಪಟ ನೋಡಿದರು, ಕೊನೆಗೆ ಚೆಲುವಯ್ಯನನ್ನು ನೋಡಿದರು.

"ಅಯ್ಯಾ, ನೀನು ವಾಸಿಯಾಗಬೇಡ" ಎಂದರು.

"ಬುದ್ಧಿ?"

"ನೀನು ಕುಂಟನಾಗಿಯೇ ಇರು. ನಿನ್ನ ಹೆಸರಿನಲ್ಲಿ ರಾಗಿ ಅಳೆಯುತ್ತೇವೆ, ಈಕೆಗೆ ಕೊಂಡುಹೋಗಿ ಕೊಡು. ಇವರ ಹೊಟ್ಟೆ ತುಂಬಲಿ, ನಮ್ಮ ತಾಯಿಗೆ ತೃಪ್ತಿಯಾಗಲಿ."

"ಆದರೆ ಮಂಡಿಯ ಮುಂದೆ ನೂರು ಜನರ ಕಣ್ಣೆದುರು ಅಳೆಯುವುದು" ಎಂದು ರುದ್ರಯ್ಯನವರು ಮಧ್ಯೆ ಬಾಯಿ ಹಾಕಿದರು. "ಇವನು ಹೀಗೆ ಕುದುರೆಯ ಹಾಗೆ ನಡೆದು ಬಂದು ತೆಗೆದುಕೊಂಡು ಹೋದರೆ, ನಾಳೆ ಜಿಲ್ಲೆಯೇ ಬಂದು ಸಾಲು ನಿಲ್ಲುತ್ತದೆ. ದಾಖಲೆಗೂ ನಡಿಗೆಗೂ ತಾಳೆ ಇರಬೇಕು."

"ಅಂದ್ರೆ?" ಎಂದ ಚೆಲುವಯ್ಯ. ಅರ್ಥವಾಗಿತ್ತು, ಆಗಿಲ್ಲದಿದ್ದರೆ ಚೆನ್ನಾಗಿತ್ತು.

"ಅಂದರೆ, ಕುಂಟತಕ್ಕದ್ದು."

ಬಸ್ಸನ್ನು ಹಿಂದೆ ಹಾಕಿದ ಕಾಲು. ಹಾಸನದ ಬೀದಿಯಲ್ಲಿ ಕೊಬ್ಬರಿ ಆಳುಗಳು, ಬಸ್ಸಿನ ಡ್ರೈವರು, ಸಂತೆಗೆ ಬಂದ ನಾಲ್ಕು ತಾಲ್ಲೂಕಿನವರ ಮುಂದೆ, ಮೂವತ್ತಾರು ತಿಂಗಳು! ಚೆಲುವಯ್ಯ, ಬೇಡ, ಮೃತನೆಂದೇ ಬರೆದುಕೊಳ್ಳಿ ಎಂದು ಹೇಳಬೇಕೆಂದು ಬಾಯಿ ತೆರೆದ. ತೆರೆದವನು ಕೆಳಗೆ ನೋಡಿದ. ಬೆಳ್ಳಮ್ಮ ಅವನನ್ನು ಬೇಡುತ್ತಿರಲಿಲ್ಲ, ಅವನ ಕಡೆ ನೋಡುತ್ತಲೂ ಇರಲಿಲ್ಲ. ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಳ್ಳುತ್ತಿದ್ದಳು.

"ಯಾವ ಕಾಲು ಸಾ?" ಎಂದು ಕೇಳಿದ ಚೆಲುವಯ್ಯ.

ಮೊದಲ ತಿಂಗಳು ಅವನು ಕುಂಟಿದ್ದನ್ನು ನೋಡಿ ಮಂಡಿಯವರು ಮುಳ್ಳು ಚುಚ್ಚಿತೇ ಎಂದು ವಿಚಾರಿಸಿದರು. ಎರಡನೆಯ ತಿಂಗಳು ಬರುವಾಗ ಎಡಗಾಲು, ಹೋಗುವಾಗ ಬಲಗಾಲು ಕುಂಟಿತು. ಅಳೆಯುವವನು ಕೊಳಗ ಕೈಯಲ್ಲೇ ಹಿಡಿದು ದಂಗಾಗಿ ನಿಂತ. ಗಾಡಿಯಲ್ಲಿ ಕೂತಿದ್ದ ಬೆಳ್ಳಮ್ಮ ಹಣೆ ಚಚ್ಚಿಕೊಂಡಳು.

ಅಂದಿನಿಂದ ಅವಳ ಅಂಗಳದಲ್ಲಿ ಪಾಠ ಶುರುವಾಯಿತು.

"ಅಂಗಲ್ಲ ಕಣ್ಲಾ! ಕಾಲೆಳೀಬ್ಯಾಡ, ಅದು ಸತ್ತ ನಾಯೇನ್ಲಾ? ಮೊದ್ಲು ಸೊಂಟ. ಸೊಂಟ ಎತ್ತು. ಊಂ, ಈಗ ಕಾಲು ತಾನಾಗೇ ಬತ್ತದೆ."

"ಬೆನ್ನು ನೋಯ್ತದೆ ಬೆಳ್ಳಕ್ಕ."

"ನೋಯ್ಲಿ. ನಲವತ್ತೈದೊರ್ಸದಿಂದ ನೋಯ್ತಾ ಐತೆ, ನಾನು ಯಾರಿಗಾರ ಏಳಿದ್ನಾ? ಇನ್ನೊಂದು ಸುತ್ತು ಬಾ. ಮಕ ಕಿವುಚ್ಬ್ಯಾಡ. ನಿಜ್ವಾಗ್ಲೂ ಕಾಲಿಲ್ದೋರು ಮಕ ಕಿವುಚಾಕಿಲ್ಲ, ಯಾರೂ ನೋಡ್ದಿರ್ಲಿ ಅಂತ ನೆಟ್ಟಗೆ ನಡ್ಯಾಕೆ ನೋಡ್ತಾರೆ."

ಚೆಲುವಯ್ಯ ಅದನ್ನು ಕೇಳಿ ಮುಖ ಸಡಿಲಿಸಿ ಬೆನ್ನು ನೆಟ್ಟಗೆ ಮಾಡಿದ. ಆಮೇಲೆ ಇನ್ನೊಂದು ಸುತ್ತು ಬಂದ. ಪಾಪಮ್ಮ ಬೇಲಿಯಾಚೆಯಿಂದ ನೋಡಿ, "ನಾನು ಮೊದ್ಲೇ ಏಳ್ನಿಲ್ವಾ, ಅಚ್ಚಾಕಿರಾದ್ರಲ್ಲಿ ಸುಳ್ಳು ಬರ್ಯಾಕಿಲ್ಲ" ಎಂದು ನೆರೆಮನೆಯವಳಿಗೆ ಹೇಳುತ್ತಿದ್ದಳು.

ಆರನೆಯ ತಿಂಗಳು ಮಂಡಿಯ ಮುಂದೆ ಜನವೋ ಜನ. ಪಟ್ಟಿಯಲ್ಲಿಲ್ಲದ ಊರುಗಳಿಂದ ಹೊಸದಾಗಿ ಅರ್ಜಿ ಹಾಕಿದವರನ್ನು ರುದ್ರಯ್ಯನವರೇ ಕೆಳಗಿಳಿದು ಬಂದು ಒಬ್ಬೊಬ್ಬರನ್ನಾಗಿ ನಡೆಸಿ ಪರೀಕ್ಷೆ ಮಾಡುತ್ತಿದ್ದರು. ಚೆಲುವಯ್ಯ ಬಂದ. ಸೊಂಟ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಮುಖದಲ್ಲಿ ಒಂದು ಗೆರೆಯೂ ಕದಲದೆ, ಬಲಗಾಲನ್ನು ಹಗುರಾಗಿ ಹೊತ್ತುಕೊಂಡು ಬಂದು ರಾಗಿಗೆ ಚೀಲ ಒಡ್ಡಿದ. ನೆರೆದವರು ದಾರಿ ಬಿಟ್ಟರು. ಕೆರೆಯ ಏರಿಯ ಮೇಲೆ ನಿಂತುಬಿಡುವ ಬಸ್ಸಿನ ಡ್ರೈವರು ಟೋಪಿ ತೆಗೆದು ಕಣ್ಣೊರಸಿಕೊಂಡ.

ಅಷ್ಟರಲ್ಲಿ ಚೀಲದ ಬಾಯಿ ಕಟ್ಟಲು ಹುರಿ ಮರೆತು ಬಂದನೆಂದು, ಬೆಳ್ಳಮ್ಮ ಹುರಿ ಹಿಡಿದು ಗಾಡಿಯಿಂದಿಳಿದು, ಕೋಲೂರಿಕೊಂಡು ಜನರ ನಡುವೆ ತೂರಿ ಬಂದಳು. ರುದ್ರಯ್ಯನವರ ಕನ್ನಡಕ ಹಣೆಯ ಮೇಲಿತ್ತು. ಹೊಸ ಅರ್ಜಿಯವಳೆಂದೇ ತಿಳಿದು ಅವಳನ್ನು ತಡೆದು ನಿಲ್ಲಿಸಿ, ಮೇಲಿನಿಂದ ಕೆಳಗೆ ನೋಡಿ ತಲೆಯಾಡಿಸಿದರು.

"ಇಲ್ಲಮ್ಮ, ಇಲ್ಲ. ನಿನ್ನ ಕುಂಟು ನಂಬುವ ಹಾಗಿಲ್ಲ. ಸುಮ್ಮನೆ ನಡೆದ ಹಾಗಿದೆ. ಅಗೋ, ಅಲ್ಲಿ ನೋಡು, ಮುದ್ದನಕೊಪ್ಪಲಿನ ಚೆಲುವಯ್ಯ. ಕುಂಟು ಅಂದರೆ ಅದು. ಮೊದಲು ಅವನನ್ನು ನೋಡಿ ಕಲಿತು ಬಾ."

ಬೆಳ್ಳಮ್ಮ ಚೆಲುವಯ್ಯನ ಕಡೆ ತಿರುಗಿ, ಗುರು ಶಿಷ್ಯನನ್ನು ನೋಡುವ ಹಾಗೆ ಒಂದು ಗಳಿಗೆ ನೋಡಿದಳು.

"ಕಲ್ಸಿದ್ದು ನಾನೇ ಬುದ್ಧಿ" ಎಂದಳು.